ಬೊಟ್ಟು ನೋಡಿ ಮಾತಾಡು

ನನ್ನ ತಂಗಿಗೆ ಆಟಿಸಂ ಇದೆ. ಕೋಲಾರದಲ್ಲಿ ಗಣಿತದ ಎಂ.ಎಸ್ಸಿ.ಗೆ ಸೇರಿದವಳು ಹಾಸ್ಟೆಲಿನ ನಾಲ್ವರ ಕೋಣೆಯ ಗದ್ದಲ ತಾಳಲಾರದೆ ಮೊದಲ ವಾರವೇ ತಾಯಲೂರಿನ ಮನೆಗೆ ಮರಳಿದಳು. ಒಬ್ಬಳಿಗೇ ಒಂದು ಕೋಣೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ವಿದ್ಯಾರ್ಥಿವೇತನ ಇವಿಲ್ಲದೆ ಅವಳ ಓದು ಮುಂದುವರಿಯುವಂತಿರಲಿಲ್ಲ. ಎಲ್ಲಕ್ಕೂ ವಿಶ್ವವಿದ್ಯಾಲಯ ಕೇಳಿದ್ದು ಅಂಗವೈಕಲ್ಯದ ಪ್ರಮಾಣಪತ್ರವನ್ನು. ಅದರಲ್ಲಿ ಕನಿಷ್ಠ ಶೇಕಡಾ ನಲವತ್ತು ಎಂದಿರಬೇಕು. ಮನುಷ್ಯರ ಕಷ್ಟವನ್ನು ಹೀಗೆ ಅಳೆಯುವುದೇ ತಪ್ಪೆಂದು ಸಭೆಗಳಲ್ಲಿ ಹೇಳುತ್ತ ಬಂದವಳು ನಾನು. ಆದರೂ ಅರ್ಜಿ ಹಾಕಿದೆ.

ತಪಾಸಣೆಯ ದಿನ ಗೊತ್ತಾದೊಡನೆ ಅಮ್ಮ ತಯಾರಿಗಿಳಿದರು. ಅವರು ಕಂಡಂತೆ ಹುಡುಗಿಯನ್ನು ಎದುರು ಕೂರಿಸಿ ಪ್ರಶ್ನೆ ಕೇಳುವುದು ಹೆಣ್ಣು ನೋಡಲು ಬಂದವರು ಮಾತ್ರ. ಅವರಿಗೆ ಗೊತ್ತಿದ್ದ ತಯಾರಿಯೂ ಅದೊಂದೇ. ಅವಳು ಹೇಗಿದ್ದಾಳೋ ಹಾಗೇ ಇರಲಿ ಎಂದು ಬೇಡಿಕೊಂಡೆ.

"ನೀನು ಸುಮ್ನಿರೇ. ಸರ್ಕಾರದೋರ ಮುಂದೆ ಮಗೂನ ತಲೆ ಕೆದರ್ಕೊಂಡು ಕರ್ಕೊಂಡೋಗ್ಲಾ?" ಎಂದ ಅಮ್ಮ ತಂಗಿಯ ಕಡೆ ತಿರುಗಿದರು. "ಕಣ್ಣು ನೋಡಕ್ಕಾಗ್ದಿದ್ರೆ ಬೊಟ್ಟು ನೋಡಿ ಮಾತಾಡು."

"ಡಾಕ್ಟರು ಗಂಡಸಾದ್ರೆ? ಬೊಟ್ಟಿರಲ್ಲ."

"ಐತೆ ಅನ್ಕೋ."

"ಯಾವ ಬಣ್ಣದ್ದು?"

"ಅಯ್ಯೋ ತಲ್ಲಿ! ಕೆಂಪು ಅಂತ ಇಟ್ಕೋ!"

ಮಲ್ಲಿಗೆಯ ವಾಸನೆ ತಂಗಿಗೆ ಆಗದೆಂದು ಕನಕಾಂಬರ ಮುಡಿಸಿ ಕರೆದೊಯ್ದರು. ಆಸ್ಪತ್ರೆಯಲ್ಲಿ ವೈದ್ಯರು, "ಊಟ ಆಯ್ತೇನಮ್ಮ?" ಎಂದರು.

"ಆಯ್ತು ಸಾರ್. ನಿಮ್ದಾಯ್ತಾ?" ಎಂದಳು ತಂಗಿ, ಅವರ ಹಣೆಯ ನಡುವೆ ನೋಡುತ್ತ.

ವೈದ್ಯರು ನಕ್ಕರು. "ನಮ್ಮನ್ನೇ ವಿಚಾರಿಸ್ಕೊಳ್ತಾಳೆ! ಎಂ.ಎಸ್ಸಿ. ಬೇರೆ. ಏನಾಗಿದೆ ಇವ್ಳಿಗೆ?"

ಅಮ್ಮನ ಮುಖ ಅರಳಿತು. ಬಸ್‌ ನಿಲ್ದಾಣದಲ್ಲಿ ತಂಗಿ ವಾಂತಿ ಮಾಡಿಕೊಂಡಳು. ಮನೆಗೆ ಬಂದ ಮೇಲೆ ದಿನಗಟ್ಟಲೆ ಮಾತಾಡಲಿಲ್ಲ. ಪ್ರಮಾಣಪತ್ರದಲ್ಲಿ ಶೇಕಡಾ ಮೂವತ್ತು ಎಂದಿತ್ತು.

ಕೆಲವು ನಿಮಿಷದ ಮಾತು ಕೇಳಿ, ಅದರ ಹಿಂದಿನ ತಾಲೀಮನ್ನೂ ಮುಂದಿನ ಮೌನವನ್ನೂ ಕೇಳದೆ ಅಂಕಿ ಬರೆಯುವುದು ತಪ್ಪು. ಓದಬಲ್ಲವಳಿಗೆ ನೆರವೇಕೆಂದು ಕೇಳುವುದು ತಪ್ಪು. ಮೇಲ್ಮನವಿಯಲ್ಲಿ ಇದನ್ನೆಲ್ಲ ಬರೆದೆ. ಸಭೆಗಳಲ್ಲಿ ಹೇಳಿ ಹೇಳಿ ರೂಢಿಯಾದ ಮಾತುಗಳು, ಬರೆಯುವಾಗ ಸಿಟ್ಟೂ ಬರಲಿಲ್ಲ.

ಎರಡನೆಯ ಸಲ ತಪಾಸಣೆಗೆ ಕರೆದಾಗ ಅಮ್ಮ ಹೂ ಮುಡಿಸಲಿಲ್ಲ.

"ಇವತ್ತು ಏನು ನೋಡ್ಲಿ?" ತಂಗಿ ಕೇಳಿದಳು.

"ನಿನ್ನಿಷ್ಟ ಕಣೇ."

ಕಾರಿಡಾರಿನಲ್ಲಿ ಹೆಸರುಗಳನ್ನು ಕೂಗುತ್ತಿದ್ದರು. ತಂಗಿ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರಿದಳು. ಈ ಸಲದ ವೈದ್ಯೆ ಹೊರಗೆ ಬಂದು, ಮನೆಯಲ್ಲಿ ಹೇಗಿರುತ್ತಾಳೆಂದು ಅಲ್ಲೇ ನಿಂತು ವಿಚಾರಿಸಿದರು. ಇಷ್ಟು ವರ್ಷ ಅಕ್ಕಪಕ್ಕದವರಿಗೂ ತಿಳಿಯಗೊಡದಿದ್ದುದನ್ನು ಅಮ್ಮ ಅಷ್ಟು ಜನರೆದುರು ಹೇಳಿದರು. ಕುಕ್ಕರ್ ಕೂಗಿದರೆ ತಟ್ಟೆ ಎಸೆಯುತ್ತಾಳೆ. ತಲೆ ಅಮ್ಮನೇ ಬಾಚಬೇಕು. ಒಬ್ಬಳೇ ಹತ್ತಿರದ ಮುಳಬಾಗಿಲಿಗೂ ಹೋಗಲಾರಳು. ಸಂತೆಯಲ್ಲಿ ಸೊಪ್ಪಿನ ಬೆಲೆ ಹೇಳುವಾಗಿನ ಧ್ವನಿ ಅದು. ಬೆಂಚಿನ ಕೆಳಗಿನಿಂದ ತಂಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ನೆರವು ಬೇಡಲು ಮಗಳೆದುರೇ ಅವಳ ಕೊರತೆಗಳನ್ನು ಎಣಿಸಬೇಕಾದ ಈ ವ್ಯವಸ್ಥೆ ಕ್ರೂರವಾದುದು. ನಾನು ಗೋಡೆ ನೋಡುತ್ತ ನಿಂತಿದ್ದೆ.

ಈ ಬಾರಿ ಶೇಕಡಾ ಐವತ್ತು ಎಂದು ಬಂತು. ಹೆಚ್ಚುವರಿ ಸಮಯಕ್ಕೂ ಕೋಣೆಗೂ ಒಪ್ಪಿಗೆ ಸಿಕ್ಕಿತು. ವಿದ್ಯಾರ್ಥಿವೇತನ ಇನ್ನೂ ಬಂದಿಲ್ಲ.

ಕೋಣೆಯ ಕೀಲಿ ಪಡೆಯಲು ಮೂವರೂ ಹೋದೆವು. ತಂಗಿ ಹಾಸ್ಟೆಲಿನ ವಾರ್ಡನ್ನರ ಬೊಟ್ಟು ನೋಡಿ, "ಊಟ ಆಯ್ತಾ ಮೇಡಂ?" ಎಂದಳು.

"ಅಯ್ಯೋ, ಎಷ್ಟು ಚೆನ್ನಾಗಿ ಮಾತಾಡ್ತಾಳೆ! ಇವ್ಳಿಗ್ಯಾಕ್ರೀ ಬೇರೆ ರೂಮು?"

ಅಮ್ಮ ಚೀಲದಿಂದ ಪ್ರಮಾಣಪತ್ರ ತೆಗೆದು ಮೇಜಿನ ಮೇಲಿಟ್ಟರು.