ಬಚ್ಚಲಿಗೆ ಬಿದ್ದ ಬೀಗ

ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ಕೆಲಸ ಮುಗಿಸಿ ನೇರ ಮನೆಗೆ ಹೋಗುವ ಹಾಗಿಲ್ಲ. ರಕ್ತ, ಕೀವು ಮೆತ್ತಿದ ಹಾಸುಬಟ್ಟೆ ಮುಟ್ಟಿದ ಕೈಯಲ್ಲಿ ಮಕ್ಕಳನ್ನು ಎತ್ತಿಕೊಳ್ಳಲಾದೀತೇ? ಒಗೆಯುವ ಕೋಣೆಗೆ ಅಂಟಿಕೊಂಡ ಬಚ್ಚಲಲ್ಲಿ ಮಿಂದು, ಬಟ್ಟೆ ಬದಲಿಸಿ, ಆಮೇಲೆ ಮನೆ ದಾರಿ.

ಅವರಲ್ಲಿ ಹಿರಿಯಳಿಗೆ ತೊಟ್ಟಕ್ಕ ಎಂದೇ ಹೆಸರು ಬಿದ್ದಿತ್ತು. ಒಂದು ತೊಟ್ಟು ನೀರು ಪೋಲಾದರೂ ಜೀವ ಹೋದಂತೆ ಆಡುವವಳು. ಕೊನೆಯ ಸಲ ಜಾಲಿಸಿದ ತಿಳಿನೀರನ್ನು ಡ್ರಮ್ಮಿಗೆ ಹಿಡಿದು, ಮುಂದಿನ ರಾಶಿ ನೆನೆಸಲು ಬಳಸುವುದನ್ನು ರೂಢಿ ಮಾಡಿದವಳೂ ಅವಳೇ.

"ನಿಮ್ಮತ್ತೆ ಸತ್ತಾಗ ಕಣ್ಣೀರನ್ನೂ ಡ್ರಮ್ಮಿಗೇ ಹಿಡಿದ್ಯಾ ಅಕ್ಕ?" ಎಂದು ಜೊತೆಗೆ ಕೆಲಸ ಮಾಡುವ ಇಸ್ತ್ರಿಯವಳು ಕಾಡಿಸಿದರೆ, "ಅವತ್ತು ಒಂದು ತೊಟ್ಟೂ ಬರಲಿಲ್ಲ ಕಣೇ" ಎನ್ನುತ್ತಿದ್ದಳು.

ಬೇಸಿಗೆಯಲ್ಲೊಂದು ದಿನ ಸೂಪರ್‌ವೈಸರ್ ಬಂದ. ಬೇರೆ ಯಾರೂ ಅಲ್ಲ, ತೊಟ್ಟಕ್ಕನ ತಂಗಿಯ ಮಗ. ತಾಯಿ ಹೋದ ಮೇಲೆ ಇವಳ ಮಡಿಲಲ್ಲೇ ಬೆಳೆದವನು.

"ದೊಡ್ಡಮ್ಮ, ಬಾವಿ ತಳ ಕಂಡಿದೆ. ಆಪರೇಷನ್ ಕೋಣೆಗೇ ನೀರು ಸಾಲ್ತಿಲ್ಲ. ಮಳೆ ಬರೋ ತನಕ ಬಚ್ಚಲು ಮುಚ್ಚೋಣ. ನಾನು ಹೇಳಿದ್ರೆ ಜಗಳ ತೆಗೀತಾರೆ, ನೀನು ಹೇಳಿದ್ರೆ ಕೇಳ್ತಾರೆ."

"ಮಳೆ ಬಂದ ಮೇಲೆ ತೆಗೀತೀಯ ತಾನೇ?"

"ನಿನ್ನಾಣೆ."

ಅವಳು ಹೇಳಿದಳು. ಹೆಂಗಸರು ಗೊಣಗಿದರು. "ಮನೇಲಿ ಹಾಲು ಕುಡಿಯೋ ಕೂಸಿದೆ ಅಕ್ಕ" ಎಂದಳು ಇಸ್ತ್ರಿಯವಳು.

"ಬೀಗ ತೆಗೆಸೋದು ನನ್ನ ತಲೆಮೇಲೆ. ನನ್ನ ನಂಬ್ತೀಯೋ ಇಲ್ವೋ?"

ನಂಬಿದಳು. ಅಂದಿನಿಂದ ಕೂಸನ್ನು ಮುಟ್ಟುವ ಮೊದಲು ಬೀದಿ ನಲ್ಲಿಯ ಸಾಲಿನಲ್ಲಿ ನಿಲ್ಲುತ್ತಿದ್ದಳು. ಕೂಸು ಮನೆಯೊಳಗೆ ಅರಚುತ್ತಿತ್ತು.

ಮಳೆ ಬಂತು, ಬಾವಿ ತುಂಬಿತು. ಬೀಗ ಅಲ್ಲಾಡಲಿಲ್ಲ. ಬದಲಿಗೆ ಆಸ್ಪತ್ರೆಯ ಮುಂಬಾಗಿಲಲ್ಲಿ ಕಾರಂಜಿ ಚಿಮ್ಮಿತು. ಬಚ್ಚಲಿನ ಪೈಪನ್ನೇ ಅತ್ತ ತಿರುಗಿಸಿದ್ದರು. ಪಕ್ಕದ ಫಲಕದಲ್ಲಿ ತೊಟ್ಟಕ್ಕನ ಫೋಟೋ, ಕೆಳಗೆ 'ನಮ್ಮ ಸಿಬ್ಬಂದಿ ಉಳಿಸಿದ ನೀರು'.

"ನನ್ನ ಮೇಲೆ ಆಣೆ ಇಟ್ಟೆಯಲ್ಲೋ!"

"ಮೇಲಿನವರ ತೀರ್ಮಾನ ದೊಡ್ಡಮ್ಮ. ನಿನ್ನ ಫೋಟೋ ಹಾಕ್ಸಿದ್ದು ನಾನೇ, ಗೊತ್ತಾ?" ಮುಖದಲ್ಲಿ ನಾಚಿಕೆ ಬೇಡವೇ? ಉಪಕಾರ ಮಾಡಿದವನ ಠೀವಿ!

"ಯಾವಾಗ ಆಯ್ತು ತೀರ್ಮಾನ?"

ಅವನು ನೆಲ ನೋಡಿದ. "ಬೇಸಿಗೇಲೇ. ಬಚ್ಚಲು ಮುಚ್ಚೋಕೆ ಮುಂಚೆ."

ಅಂದರೆ ಆಣೆ ಇಡುವಾಗಲೇ ಗೊತ್ತಿತ್ತು. ಸಾಕಿದವಳ ಮೂಗಿಗೇ ತುಪ್ಪ ಸವರಿದ್ದ. ಬರಗಾಲದಲ್ಲಿ ನೀರು ಉಳಿಸಬೇಕು, ಯಾರು ಬೇಡವೆಂದರು? ಆದರೆ ಉಳಿಸಲು ಒಗೆಯುವವರ ಬಚ್ಚಲು, ಚೆಲ್ಲಲು ದೊಡ್ಡವರ ಅಂಗಳ. ಇದು ಯಾವ ಸೀಮೆಯ ನ್ಯಾಯ?

ಸಂಜೆ ತೊಟ್ಟಕ್ಕ ಬಕೆಟ್ ಹಿಡಿದು ಕಾರಂಜಿಗೆ ಹೋದಳು. "ಅದು ನೋಡೋಕೆ ಇರೋದಮ್ಮ!" ಎಂದು ಕೂಗಿದ ಕಾವಲುಗಾರ, ಫಲಕದ ಮುಖವನ್ನೂ ಇವಳ ಮುಖವನ್ನೂ ನೋಡಿ ಪಕ್ಕಕ್ಕೆ ಸರಿದ. ತುಂಬಿದ ಬಕೆಟ್ಟನ್ನು ಇಸ್ತ್ರಿಯವಳ ಮುಂದೆ ತಂದಿಟ್ಟಳು.

"ಕೈಕಾಲು ತೊಳ್ಕೊಳ್ಳೇ. ಬೀಗ ತೆಗೆಸೋದು ನನ್ನ ತಲೆಮೇಲೆ."

"ಅವತ್ತೂ ಇದನ್ನೇ ಹೇಳಿದ್ದೆ." ಅಕ್ಕ ಎನ್ನಲಿಲ್ಲ. ಚೀಲ ಹೆಗಲಿಗೇರಿಸಿ ಬೀದಿ ನಲ್ಲಿಯ ಕಡೆ ನಡೆದಳು.

ತೊಟ್ಟಕ್ಕ ಬಕೆಟ್ ಎತ್ತಿಕೊಂಡಳು. ಆ ನೀರನ್ನೂ ಚೆಲ್ಲಲು ಕೈ ಬರಲಿಲ್ಲ. ಡ್ರಮ್ಮಿಗೇ ಸುರಿದು, ಮೈಲಿಗೆ ಕೈಯಲ್ಲೇ ಮನೆಗೆ ಹೋದಳು.