ಯಾರ ಮನೆಯಲ್ಲೂ ಉಣ್ಣದ ಚಾಚಾ

ಮದುವೆಯ ಊಟದಲ್ಲಿ ಎಲ್ಲರ ತಾಟಿಗೂ ಕೈಯಾರೆ ಬಡಿಸಿ, ತಾವು ಮಾತ್ರ ಒಂದು ಲೋಟ ನೀರು ಕುಡಿದು ಮನೆಗೆ ಹೋಗುವವರನ್ನು ನಾನು ಕಂಡದ್ದು ಒಬ್ಬರನ್ನೇ: ಹುಸೇನಸಾಬ್ ಚಾಚಾ. ರಬಕವಿಯ ಓಣಿಯಲ್ಲಿ ನಮ್ಮದು ನೇಕಾರರ ಮನೆ, ಎದುರಿಗೆ ಅವರದು. ಮಗ್ಗದ ಸದ್ದು ಎರಡೂ ಕಡೆ. ಅವರು ಮಸೀದಿ ಜಮಾತಿನ ಮುಖಂಡರು. ಹಾಗಂತ ಊಟದ ಮೇಲೆ ವೈರಾಗ್ಯವೇನೂ ಇರಲಿಲ್ಲ. ಬಿರಿಯಾನಿಯ ವಾಸನೆ ಮೂಗಿಗೆ ಬಡಿದರೆ ಸಾಕು, "ಮಸಾಲಿ ಇನ್ನಷ್ಟು ಹುರೀಬೇಕಾಗಿತ್ತಲೇ" ಎಂದು ಅಡುಗೆಯವನನ್ನು ಕಾಡುವ ಬಾಯಿರುಚಿಯ ಆಸಾಮಿ!

ಕಾರಣ ಕೇಳಿದರೆ ಹೇಳುತ್ತಿದ್ದರು: "ಇವತ್ತು ಉಣ್ಣಾಕ ನೀಡಿದಾಂವ ನಾಳೆ ಜಗಳಾ ತಗೊಂಡು ನನ್ನ ಮುಂದ ಬರ್ತಾನ. ಅನ್ನದ ಋಣ ನಾಲಿಗಿ ಕಟ್ಟತೈತೋ ತಮ್ಮಾ. ನಮ್ಮ ದೀನಿನಾಗ, ಅಂದ್ರ ಧರ್ಮದಾಗ, ಮುಖಂಡ ಅಂದ್ರ ಮಂದಿ ಸೇವಕ. ಅದರ ಲೆಕ್ಕಾ ಅಲ್ಲಾನ ಮುಂದ ಕೊಡಬೇಕು."

ಒಮ್ಮೆ ಮಸೀದಿಯ ಅಂಗಡಿಯೊಂದು ಖಾಲಿಯಾಯಿತು. ಚಾಚಾನ ಅಕ್ಕನ ಮಗನೂ ಕೇಳಿದ, ಗಂಡ ಸತ್ತ ಹೊಲಿಗೆಯವಳೊಬ್ಬಳೂ ಕೇಳಿದಳು. ಚಾಚಾ ಹೊಲಿಗೆಯವಳಿಗೆ ಕೊಡಿಸಿದರು. ಅಕ್ಕ ಮಾತು ಬಿಟ್ಟಳು. "ತಕ್ಕಡಿ ಹಿಡದಾಂವಗ ಅಕ್ಕ ಇರಂಗಿಲ್ಲ" ಎಂದು ನಕ್ಕು ಮಗ್ಗಕ್ಕೆ ಕೂತವರು ಅವತ್ತು ಎರಡು ಸಲ ಎಳೆ ಕಡಿದುಕೊಂಡರು.

ಹೆಂಡತಿ ತೀರಿಕೊಂಡ ಮೇಲೆ, ಮೊಣಕಾಲೂ ಕೈಕೊಟ್ಟು, ಮುಖಂಡಿಕೆ ಬಿಟ್ಟರು. ಖಾನಾವಳಿಯಿಂದ ಬುತ್ತಿ ಬರುತ್ತಿತ್ತು. ಓಣಿಯ ಮಂದಿಗೋ ಹಳೇ ರೂಢಿ. ಮದುವೆಗೆ ಕರೆಯುವರು, ಮದುಮಕ್ಕಳಿಗೆ ದುವಾ ಮಾಡಿಸಿಕೊಳ್ಳುವರು, ಊಟಕ್ಕೆ ಏಳಿರಿ ಎನ್ನುವವರು ಮಾತ್ರ ಯಾರೂ ಇಲ್ಲ.

ಹೋದ ವರ್ಷ ಓಣಿಯ ಶಾಮಿಯಾನದಲ್ಲಿ ಮದುವೆಯ ಊಟ ನಡೆದಿತ್ತು. ಚಾಚಾ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ತಮ್ಮ ಕಟ್ಟೆಯ ಮೇಲೆ ಕೂತಿದ್ದರು. ಮದುವೆಯ ಯಜಮಾನ ಬಂದು, ಕೈ ಹಿಡಿದು, "ನೀವು ಉಣ್ಣಂಗಿಲ್ಲಂತ ಗೊತ್ತೈತ್ರಿ ಚಾಚಾ" ಎಂದು ಹೆಮ್ಮೆಯಿಂದ ಹೇಳಿ ಹೋದ.

"ಈಗ ಉಣ್ತೇನಂತ ಹೇಳಬಾರದೇನ್ರಿ?" ಎಂದೆ.

"ಮುಖಂಡಿಕಿ ಕೇಳಿ ಪಡೀಬಾರದಂತ ನಮ್ಮಲ್ಲಿ ಐತಿ. ನಾ ಅದನ್ನ ಕೇಳಲಿಲ್ಲ. ಈಗ ಊಟಾ ಕೇಳ್ಲೇನು?"

ಕೈ ಹಿಡಿದು ನಮ್ಮ ಮನೆಗೆ ಕರೆತಂದೆ. ರೊಟ್ಟಿ, ಬದನೆಕಾಯಿ ಎಣಗಾಯಿ. ಎರಡನೇ ಸಲ ತಾವೇ ತಾಟು ಮುಂದೆ ಒಡ್ಡಿದರು. ನಾನು ಇನ್ನೊಂದು ರೊಟ್ಟಿ ನೀಡಿದೆ. ಮತ್ತೊಮ್ಮೆ ಕರೆಯುವಷ್ಟರಲ್ಲಿ ಚಾಚಾ ತೀರಿಕೊಂಡರು.

ನಲವತ್ತನೇ ದಿನದ ಊಟಕ್ಕೆ ಇಡೀ ಓಣಿ ಸೇರಿತ್ತು. "ಸಾಯೋತನಕ ಒಬ್ಬರ ಮನಿ ಅನ್ನಾ ಮುಟ್ಟಲಿಲ್ಲ ನೋಡ್ರಿ!" ಎಂದು ಹೊಗಳಿದರು.

"ನೀವೂ ಕರದಿದ್ದ್ರ ಉಣ್ತಿದ್ರು" ಎಂದೆ.

ಹೋದ ವರ್ಷದ ಮದುವೆಯ ಯಜಮಾನ ಎತ್ತಿದ ತುತ್ತನ್ನು ತಾಟಿಗೇ ಇಳಿಸಿದ.