ಕೂತ ಇಂಜಿನ್ನಿನ ಬೇಡಿಕೆ

ನಮ್ಮ ಗುತ್ತಿಗೆ ಸಫಾಯಿ ಕಾರ್ಮಿಕರ ಸಂಘಕ್ಕೆ ಇರುವುದು ಒಂದೇ ಹಳೆಯ ಕಾರು. ಕೆಲಸದಲ್ಲಿ ಗಾಯಗೊಂಡವರನ್ನು ಆಸ್ಪತ್ರೆಗೆ ಒಯ್ಯುವುದೂ ಅದೇ. ಒಂದು ದಿನ ಅದು ಮುಂಬಯಿಯ ಘಾಟ್ಕೋಪರ್ ಸೇತುವೆಯ ಮೇಲೆ ಗಡಗಡ ಸದ್ದು ಮಾಡಿ ನಿಂತುಬಿಟ್ಟಿತು.

ಸರ್ವಿಸ್ ಸೆಂಟರಿನ ಟೈ ಕಟ್ಟಿದ ಮಹಾನುಭಾವ ಬಾನೆಟ್ಟನ್ನೂ ಎತ್ತದೆ ತೀರ್ಪು ಕೊಟ್ಟ: "ಹಳೇದಕ್ಕೆ ರಿಪೇರಿ ವೇಸ್ಟ್ ಸಾಬ್. ತೆಗೆದುಹಾಕಿ, ಹೊಸದು ತನ್ನಿ."

ಧರಣಿ ಕೂತ ನಮ್ಮವರ ಬಗ್ಗೆ ಗುತ್ತಿಗೆದಾರ ಆಡುವ ಮಾತೂ ಇದೇ. ಸಿಟ್ಟಿನಲ್ಲಿ ಕಾರನ್ನು ಎಳೆಸಿಕೊಂಡು ವಿಜಾಪುರದಿಂದ ಬಂದು ಇಲ್ಲೇ ನೆಲೆಸಿದ ಮೆಕ್ಯಾನಿಕ್ ಮಲ್ಲಣ್ಣನ ಗ್ಯಾರೇಜಿಗೆ ಹೋದೆ. ಅವನು ಇಂಜಿನ್ ಬಿಚ್ಚಿ, "ಇಂಜಿನ್ ಕುಂತುಬಿಟ್ಟೈತ್ರೀ ಅಣ್ಣಾ, ತಿರುಗವಲ್ದು," ಎಂದ.

"ಕೂತವರಿಗೆ ಬೇಡಿಕೆ ಇರುತ್ತೆ. ಇದರದ್ದೇನಪ್ಪ?"

"ಆಯಿಲ್! ಒಂದು ಹನೀನೂ ಇಲ್ಲ. ಉಣ್ಣಾಕ ಕೊಡದ ದುಡಿಸ್ಯಾರ. ಬೇರಿಂಗ್ ಸವದಾವು. ಹೊಸಾವು ಹಾಕಿದ್ರ ಎದ್ದೇಳ್ತೈತಿ, ಇಂಜಿನ್ ಬದಲಿ ಮಾಡೂದು ಬ್ಯಾಡ. ಯಾಂವ್ರೀ ಇದರ ಮಾಲಕ?"

ಆಯಿಲ್ ನೋಡಿಕೊಳ್ಳುವ ಜವಾಬ್ದಾರಿ ಕಾರ್ಯದರ್ಶಿಯದು. ಕಾರ್ಯದರ್ಶಿ ನಾನು. ರಿಪೇರಿಗೆ ಒಪ್ಪಿದೆ.

ಈಗ ಇಂಜಿನ್ ಕೆಲಸಕ್ಕೆ ಮರಳಿದೆ. ಇಷ್ಟು ವರ್ಷಗಳಲ್ಲಿ ನಾನು ಕಂಡ ಧರಣಿಗಳ ಪೈಕಿ ಬೇಡಿಕೆ ಪೂರ್ತಿ ಈಡೇರಿದ್ದು ಇದೊಂದರದ್ದೇ. ಅದೂ ನನ್ನ ವಿರುದ್ಧ ಕೂತದ್ದು.